ಬಡವರ ಮೈಯೇ ಪ್ರಯೋಗಶಾಲೆಯೆ?

ಸಮುದ್ರದ ಪಾಚಿಯನ್ನು ಜನ ಊಟಕ್ಕೆ ಬಳಸುತ್ತಾರೆಂದು ಶಿರೂರಿನ ಚಹದ ಅಂಗಡಿಯಲ್ಲಿ ಕುಳಿತು ಹೇಳಿದರೆ ಕೇಳಿದವರು ನಕ್ಕಾರು. ನಮ್ಮದು ಜೋಳದ ರೊಟ್ಟಿ, ಪುಂಡಿಪಲ್ಯ, ಹಿಂಡಿಯ ನಾಡು. ಸಮುದ್ರವನ್ನು ಕಣ್ಣಾರೆ ಕಂಡವರೇ ನಮ್ಮಲ್ಲಿ ಕಡಿಮೆ. ಆದರೂ ಪೇಟೆಯಲ್ಲಿ ‘ಚೈನಾ ಗ್ರಾಸ್’ ಎಂದು ಮಾರುವ ಬಿಳಿಯ ಎಳೆ, ಸಿಹಿ ಪದಾರ್ಥ ಗಟ್ಟಿಯಾಗಲೆಂದು ಹಾಕುವಂಥದು, ಸಮುದ್ರದ ಪಾಚಿಯಿಂದಲೇ ತೆಗೆದದ್ದು. ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ಮೀನುಗಾರರ ಮನೆಯ ಹೆಣ್ಣುಮಕ್ಕಳು ನೀರಿಗಿಳಿದು ಈ ಪಾಚಿಯನ್ನು ಕೀಳುತ್ತಾರೆ. ಜಪಾನಿನವರಿಗಂತೂ ಪಾಚಿ ನಿತ್ಯದ ಆಹಾರ.

ಅವರು ತಿನ್ನುವ ಪಾಚಿಗಳಲ್ಲಿ ಹಿಜಿಕಿ ಎಂಬ ಕಪ್ಪು ಜಾತಿ ಒಂದುಂಟು. ಬ್ರಿಟನ್ನಿನ ಆಹಾರ ಸಂಸ್ಥೆಯವರು ಅಂಗಡಿಗಳಲ್ಲಿ ಮಾರಾಟಕ್ಕಿದ್ದ ಬೇರೆ ಬೇರೆ ಪಾಚಿಗಳನ್ನು ತಂದು ಪರೀಕ್ಷಿಸಿದರು. ಎಲ್ಲವುಗಳಲ್ಲಿಯೂ ಪಾಷಾಣ, ಅಂದರೆ ಆರ್ಸೆನಿಕ್, ಸಿಕ್ಕಿತು. ಆದರೆ ಪಾಷಾಣಕ್ಕೆ ರೂಪಗಳು ಬೇರೆ ಬೇರೆ. ಪಾಚಿಯ ಒಡಲಲ್ಲಿ ಇಂಗಾಲದೊಡನೆ ಕೂಡಿಕೊಂಡಿರುವ ರೂಪ ಅಷ್ಟು ಕೇಡು ಮಾಡದು. ಹಾಗೆ ಕೂಡದೆ ಉಳಿದ ನಿರವಯವ ರೂಪವೇ ಕ್ಯಾನ್ಸರ್ ತರುವಂಥದು. ಆ ಕೆಟ್ಟ ರೂಪ ಕಂಡುಬಂದದ್ದು ಹಿಜಿಕಿಯಲ್ಲಿ ಮಾತ್ರ. ಹಿಜಿಕಿಯನ್ನು ತಿನ್ನಬೇಡಿರಿ ಎಂದು ಆ ಸಂಸ್ಥೆ 2004ರಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತು. ಕೆನಡಾ ದೇಶವು 2001ರಲ್ಲಿಯೇ ಇಂಥ ಎಚ್ಚರಿಕೆ ಕೊಟ್ಟಿತ್ತು. ರೋಗಿಗಳು ಬಂದು ದವಾಖಾನೆಯ ಬಾಗಿಲು ತಟ್ಟಲಿ, ಆಮೇಲೆ ನೋಡೋಣ ಎಂದು ಅವರು ಕಾಯಲಿಲ್ಲ.

ಈ ಸುದ್ದಿಯನ್ನು ಇಲ್ಲಿ ಹೇಳುವುದು ಪಾಚಿಯ ಸಲುವಾಗಿ ಅಲ್ಲ. ಅಲ್ಲಿ ಅಳತೆ ಮೊದಲು ಬಂತು, ಎಚ್ಚರಿಕೆ ಅದರ ಬೆನ್ನಿಗೆ ಬಂತು ಎಂಬ ಒಂದು ಸಂಗತಿಯ ಸಲುವಾಗಿ. ಅದೇ ಪಾಷಾಣ ನಮ್ಮ ಕೃಷ್ಣೆಯ ಕೆಳದಂಡೆಯಲ್ಲಿ ಹೇಗೆ ಬೆಳಕಿಗೆ ಬಂತೆಂಬುದನ್ನು ಈಗ ನೋಡಿರಿ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಎಂಬ ಊರಿದೆ. ಅದು ಮಂಗಳೂರು ಎಂಬ ಹೆಸರಿನ ಗ್ರಾಮದ ಸೀಮೆ. ಕರಾವಳಿಯ ಮಂಗಳೂರಲ್ಲ, ಹಿಂದೆ ಚಿನ್ನದ ಗಣಿ ನಡೆದ ನಮ್ಮ ಬಯಲುಸೀಮೆಯ ಮಂಗಳೂರು. ಚಿನ್ನವಿರುವ ಬಂಡೆಯಲ್ಲಿ ಎಷ್ಟೋ ಸಲ ಪಾಷಾಣವೂ ಜೊತೆಗೂಡಿರುತ್ತದೆ. ಬಂಡೆಯನ್ನು ಪುಡಿ ಮಾಡಿ ಚಿನ್ನವನ್ನು ತೆಗೆದುಕೊಂಡವರು ಉಳಿದ ಪುಡಿಯನ್ನು ಗಣಿಯ ಬಾಯಿಯಲ್ಲಿಯೇ ಬಿಟ್ಟು ಹೋಗುತ್ತಾರೆ. ಚಿನ್ನ ಪೇಟೆಗೆ ಹೋಗುತ್ತದೆ. ಪುಡಿ ಊರಿಗೆ ಉಳಿಯುತ್ತದೆ.

ಈ ಗಣಿಯ ಸೀಮೆಯಲ್ಲಿ ಸಂಶೋಧಕರು ನಡೆಸಿದ ಪರೀಕ್ಷೆಯ ವರದಿ 2013ರಲ್ಲಿ ಪ್ರಕಟವಾಯಿತು. 59 ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದಾಗ ಶೇಕಡಾ 79ರಷ್ಟರಲ್ಲಿ ಪಾಷಾಣ ಮಿತಿ ಮೀರಿತ್ತು. ಮಿತಿ ಎಂದರೆ ಲೀಟರಿಗೆ 10 ಮೈಕ್ರೋಗ್ರಾಂ; ಒಂದು ಬಾವಿಯಲ್ಲಿ ಅದು 303ಕ್ಕೆ ಮುಟ್ಟಿತ್ತು. ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋ ಮಣ್ಣಿಗೆ 2 ಗ್ರಾಂ ಮೀರಿ ಪಾಷಾಣವಿತ್ತು. ಇದು ಗಣಿಯ ಪುಡಿಯ ಫಲವಿರಬಹುದೆಂದು ಸಂಶೋಧಕರು ಬರೆದಿದ್ದಾರೆ. 171 ಮಂದಿಯ ಕೂದಲು ಮತ್ತು ಉಗುರು ಪರೀಕ್ಷಿಸಿದರೆ ಒಬ್ಬರೂ ತಪ್ಪದೆ ಎಲ್ಲರ ಮೈಯಲ್ಲಿಯೂ ಪಾಷಾಣ ಹೆಚ್ಚಾಗಿತ್ತು. 181 ಮಂದಿಯ ಚರ್ಮವನ್ನು ವೈದ್ಯರು ನೋಡಿದಾಗ ಶೇಕಡಾ 58.6ರಷ್ಟು ಮಂದಿಗೆ, ಅಂದರೆ 106 ಜನರಿಗೆ, ಪಾಷಾಣದ ಗುರುತು ಮೂಡಿತ್ತು.

ಆ ಗುರುತು ಎಂಥದು? ಧೂಳಿನ ಮೇಲೆ ಮಳೆಹನಿ ಬಿದ್ದಂತೆ ಎದೆಯ ಮೇಲೆ, ಬೆನ್ನ ಮೇಲೆ ಕಪ್ಪು-ಬಿಳಿ ಚುಕ್ಕೆ. ಅಂಗೈ, ಅಂಗಾಲು ಗಡುಸಾಗಿ ಗಂಟುಗಟ್ಟುವುದು. ವರ್ಷಗಳು ಕಳೆದ ಮೇಲೆ ಚರ್ಮದ, ಶ್ವಾಸಕೋಶದ, ಮೂತ್ರಕೋಶದ ಕ್ಯಾನ್ಸರ್. ಮಗ್ಗದ ಮೇಲೆ, ಗಿರಣಿಯಲ್ಲಿ, ಕಲ್ಲಿನ ಕ್ವಾರಿಯಲ್ಲಿ ದುಡಿಯುವವನ ಅಂಗೈ ಗಡುಸಾಗಿದ್ದರೆ ಯಾರು ಅನುಮಾನ ಪಟ್ಟಾರು? ದುಡಿದವನ ಕೈ, ಗಡುಸಾಗಿರುವುದೇ ಸಹಜ ಎನ್ನುತ್ತಾರೆ. ಹೀಗೆ ಬಡವನ ಶ್ರಮವೇ ಅವನ ರೋಗಕ್ಕೆ ಮುಸುಕು ಹಾಕುತ್ತದೆ.

ಬ್ರಿಟನ್ನಿನಲ್ಲಿ ಯಂತ್ರ ಅಳೆಯಿತು. ನಮ್ಮಲ್ಲಿ ತಾಂಡಾದ ಜನರ ಚರ್ಮ ಅಳೆಯಿತು. ಇದೇ ನನ್ನ ದೂರು. ಪಾಷಾಣ ನೆಲದಲ್ಲಿ ಇರುವುದು ಯಾರ ತಪ್ಪೂ ಅಲ್ಲದಿರಬಹುದು. ಅಳೆಯದೆ ಕೂಡುವುದು ಮಾತ್ರ ತಪ್ಪು, ಮತ್ತು ಆ ತಪ್ಪಿಗೆ ಹೊಣೆಗಾರರು ಇದ್ದಾರೆ.

ಕೆಲವರು ಹೇಳುತ್ತಾರೆ: ನಮ್ಮ ಹಿರಿಯರು ಇದೇ ನೀರು ಕುಡಿದರು, ಇದೇ ಅನ್ನ ಉಂಡರು, ನೂರು ವರ್ಷ ಬಾಳಿದರು, ಇದೆಲ್ಲ ಓದಿದವರ ಗುಲ್ಲು. ಇದಕ್ಕೆ ಉತ್ತರ ಸರಳ. ಹಿರಿಯರು ಕುಡಿದದ್ದು ಹಳ್ಳದ, ಕೆರೆಯ, ತೆರೆದ ಬಾವಿಯ ನೀರು. ಇಂದು ನಾವು ನೂರಾರು ಅಡಿ ಬಂಡೆಯನ್ನು ಕೊರೆದು ಅದರೊಳಗೆ ಬಹುಕಾಲ ನೆನೆದ ನೀರನ್ನು ಎತ್ತಿ ಕುಡಿಯುತ್ತೇವೆ. ಬಂಡೆಯಲ್ಲಿ ಇದ್ದದ್ದು ನೀರಿಗೆ ಇಳಿಯುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಮಾತೇನಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಮೊದಲು ಮಕ್ಕಳ ಹಲ್ಲಿಗೆ ಕಂದು ಕಲೆ ಹತ್ತಿಸುತ್ತದೆ. ಇನ್ನೂ ಹೆಚ್ಚಾದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಎಲುಬು ಬಿಗಿದು ಬೆನ್ನು ಬಾಗುತ್ತದೆ. ಶಿರೂರಿನ ನೀರಿನಲ್ಲಿ ಪಾಷಾಣ ಇದೆ ಎಂದು ನಾನು ಹೇಳುತ್ತಿಲ್ಲ. ಇದೆಯೋ ಇಲ್ಲವೋ ಎಂಬುದನ್ನು ಶಿರೂರಿನ ಜನ ಕಾಗದದ ಮೇಲೆ ಕಾಣಬೇಕು ಎಂದಷ್ಟೇ ಹೇಳುತ್ತಿದ್ದೇನೆ.

ನಾನು ಮಾಸ್ತರಿಕೆ ಮಾಡುತ್ತಿದ್ದಾಗ ಮಕ್ಕಳಿಗೆ ‘ನೀರನ್ನು ಕುದಿಸಿ, ಸೋಸಿ ಕುಡಿಯಿರಿ’ ಎಂದು ಪಾಠ ಹೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗನ ಅಜ್ಜಿ, ನೇಕಾರರ ಮನೆಯವಳು, ನನ್ನನ್ನು ಒಳಗೆ ಕರೆದು ನೀರು ಕಾಸುವ ಹಂಡೆಯನ್ನು ತೋರಿಸಿದಳು. ತಳದಲ್ಲಿ ಬೆರಳು ದಪ್ಪ ಬಿಳಿಯ ಪದರ ಕೂತಿತ್ತು. ‘ಮಾಸ್ತರ್ರ, ಇದು ಕುದಿಸಿದ ನೀರಿಂದನ ಬಂದೈತಿ. ಹಂಗಾದ್ರ ಕುದಿಸಿದ್ರ ಹೋಗೂದು ಯಾವ್ದು, ಉಳಿಯೂದು ಯಾವ್ದು?’ ಎಂದು ಕೇಳಿದಳು. ಅಂದು ನನಗೆ ಸರಿಯಾದ ಉತ್ತರ ಬರಲಿಲ್ಲ. ಇಂದು ಹೇಳುತ್ತೇನೆ. ಕುದಿಸಿದರೆ ಕಾಲರಾ, ಕರುಳುಬೇನೆಯ ಕ್ರಿಮಿ ಸಾಯುತ್ತವೆ. ಆದ್ದರಿಂದ ಕುದಿಸುವುದನ್ನು ಬಿಡಬೇಡಿರಿ. ಆದರೆ ಕರಗಿದ ಪಾಷಾಣ, ಸೀಸ, ಫ್ಲೋರೈಡ್ ಕುದಿಸುವುದರಿಂದ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟು ಅವು ಗಟ್ಟಿಯಾಗುತ್ತವೆ. ಅರಿವೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಅದೇ ನೀರಿನಲ್ಲಿ ಅನ್ನ, ಬೇಳೆ ಬೇಯಿಸಿದರೆ ವಿಷ ಊಟದೊಳಗೂ ಬರುತ್ತದೆ. ಅಜ್ಜಿಯ ಪ್ರಶ್ನೆ ನನ್ನ ಪಾಠಕ್ಕಿಂತ ದೊಡ್ಡದಿತ್ತು.

ಇದರ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಿರಿ. ಒಂದು ಗ್ರಾಂ ಪಾಷಾಣ, ಅಂದರೆ ಸುಮಾರು ಮೂವತ್ತು ಜೋಳದ ಕಾಳಿನ ತೂಕ. ಅಷ್ಟೇ ಪಾಷಾಣ ಹತ್ತು ಸಾವಿರ ಲೀಟರಿನ ಹತ್ತು ಟ್ಯಾಂಕರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹಳಸಿದ ಸಾರನ್ನು ಮೂಗು ಹಿಡಿಯುತ್ತದೆ, ಹುಳ ಹಿಡಿದ ಗೋಧಿಯನ್ನು ಕಣ್ಣು ಹಿಡಿಯುತ್ತದೆ, ಕಲ್ಲು ಬೆರೆತ ಅಕ್ಕಿಯನ್ನು ಹಲ್ಲು ಹಿಡಿಯುತ್ತದೆ. ಈ ಕಳ್ಳನನ್ನು ಹಿಡಿಯಲು ಮೈಯ ಯಾವ ಕಾವಲುಗಾರನಿಂದಲೂ ಆಗದು. ಆದ್ದರಿಂದ ‘ನೋಡಿ ತಿನ್ನಿರಿ, ಎಚ್ಚರದಿಂದ ಕೊಳ್ಳಿರಿ’ ಎಂದು ಜನರಿಗೆ ಉಪದೇಶ ಮಾಡಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ.

ಮನುಷ್ಯರೇ ತಿಳಿದೂ ತಿಳಿದೂ ಸುರಿದ ವಿಷದ ಕಥೆಯೂ ಒಂದುಂಟು. ಜಪಾನಿನ ಮಿನಮಾಟ ಎಂಬ ಊರಿನಲ್ಲಿ ಚಿಸ್ಸೋ ಎಂಬ ಕಂಪನಿಯ ರಸಾಯನ ಕಾರ್ಖಾನೆ ಪಾದರಸ ಬೆರೆತ ಹೊಲಸು ನೀರನ್ನು ಸಮುದ್ರದ ಕೊಲ್ಲಿಗೆ ಬಿಡುತ್ತಿತ್ತು. ಪಾದರಸ ಮೀನಿನ ಮೈ ಸೇರಿತು. ಮೀನು ಬೆಸ್ತರ ಮನೆಯ ಒಲೆ ಸೇರಿತು. ಮೊದಲು ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಆಮೇಲೆ ಜನರ ಕೈಕಾಲು ನಡುಗಿದವು, ಮಾತು ತೊದಲಿತು, ಬೇನೆಯ ಕೂಸುಗಳು ಹುಟ್ಟಿದವು. ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರ ಮೇ ತಿಂಗಳಲ್ಲಿ. ಕಂಪನಿಯ ದವಾಖಾನೆಯ ವೈದ್ಯರೇ 1959ರಲ್ಲಿ ಕಾರ್ಖಾನೆಯ ಹೊಲಸನ್ನು ಬೆಕ್ಕಿಗೆ ತಿನ್ನಿಸಿ ಅದೇ ರೋಗ ಬರುವುದನ್ನು ಕಂಡರು. ಕಂಪನಿ ಆ ಪರೀಕ್ಷೆಯನ್ನು ಬಚ್ಚಿಟ್ಟಿತು. ಸರಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷ ಬೆಸ್ತರು ಅದೇ ಕೊಲ್ಲಿಯ ಮೀನು ತಿಂದರು. ಅಳತೆ ಇಲ್ಲದಿದ್ದರೆ ಒಂದು ಅನ್ಯಾಯ; ಅಳೆದು ಮುಚ್ಚಿಟ್ಟರೆ ಅದರ ಹತ್ತರಷ್ಟು ಅನ್ಯಾಯ.

ಇನ್ನು ನಮ್ಮ ಪೇಟೆಗೆ ಬರೋಣ. ಕಿರಾಣಿ ಅಂಗಡಿಯ ಬಂಧುಗಳು ಈ ಮಾತನ್ನು ಕಿವಿಗೊಟ್ಟು ಕೇಳಬೇಕು.

ಅರಿಶಿನ ನಮ್ಮ ಒಲೆಗೂ ಬೇಕು, ಮದುವೆಗೂ ಬೇಕು. ಗಿರಾಕಿ ಅರಿಶಿನವನ್ನು ನೋಡುವುದು ಬಣ್ಣದಿಂದ. ಬಣ್ಣ ಎದ್ದು ಕಂಡರೆ ಒಳ್ಳೆಯದು, ಮಾಸಲಾಗಿದ್ದರೆ ಹಳೆಯ ಮಾಲು ಎನ್ನುತ್ತಾನೆ. ಈ ಕಣ್ಣಿನ ಆಸೆಯೇ ವಿಷಕ್ಕೆ ದಾರಿ. ನೆರೆಯ ಬಾಂಗ್ಲಾದೇಶದಲ್ಲಿ 1980ರ ದಶಕದ ಮಹಾಪೂರದಲ್ಲಿ ಅರಿಶಿನ ನೆನೆದು ಬಣ್ಣಗೆಟ್ಟಾಗ, ಕೊಂಬಿಗೆ ಹೊಳಪು ಕೊಡುವವರು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ತಿಕ್ಕಲು ಪ್ರಾರಂಭಿಸಿದರಂತೆ. ಕಬ್ಬಿಣಕ್ಕೂ ಮರಕ್ಕೂ ಹಚ್ಚುವ ಬಣ್ಣ ಅದು. ಅದರ ಒಡಲು ಸೀಸ. ಸೀಸವು ಮಕ್ಕಳ ಮಿದುಳಿಗೆ ಕೇಡು. ಇಷ್ಟರವರೆಗೆ ತಿಂದರೆ ಅಡ್ಡಿಯಿಲ್ಲ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳ್ಳಿಯ ಬಸುರಿಯರ ರಕ್ತದಲ್ಲಿ ಸೀಸ ಏಕೆ ಹೆಚ್ಚಾಗಿದೆ ಎಂದು ಹುಡುಕುತ್ತ ಹೋದ ಸಂಶೋಧಕರು ಕೊನೆಗೆ ಅಡಿಗೆಮನೆಯ ಅರಿಶಿನದ ಡಬ್ಬಿಗೆ ಬಂದು ಮುಟ್ಟಿದರು.

ಮುಂದೆ ನಡೆದದ್ದೇ ನಾವು ಕಲಿಯಬೇಕಾದದ್ದು. 2019ರಲ್ಲಿ ಅಲ್ಲಿಯ ಸರಕಾರ ಪತ್ರಿಕೆಗಳಲ್ಲಿ ಸಾರಿತು, ಪೇಟೆಯಲ್ಲಿ ಚೀಟಿ ಅಂಟಿಸಿತು. ಕೈಯಲ್ಲಿ ಹಿಡಿಯುವ ಕ್ಷಕಿರಣ ಯಂತ್ರವನ್ನು ಸಗಟು ಪೇಟೆಗೇ ಒಯ್ದು ಮಾಲನ್ನು ಅಲ್ಲಿಯೇ ಪರೀಕ್ಷಿಸಿ ತಪ್ಪಿತಸ್ಥ ಸಗಟು ವ್ಯಾಪಾರಿಗಳಿಗೆ ದಂಡ ಹಾಕಿತು. 2019ರಲ್ಲಿ ಪೇಟೆಯ ಅರಿಶಿನದ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸ ಸಿಕ್ಕಿತ್ತು, 2021ರಲ್ಲಿ ಸೊನ್ನೆ. ಅರಿಶಿನದ ಗಿರಣಿಗಳಲ್ಲಿ ದುಡಿಯುವ ಕಾರ್ಮಿಕರ ರಕ್ತದಲ್ಲಿಯ ಸೀಸ ಮೂರರಲ್ಲಿ ಒಂದು ಪಾಲಿನಷ್ಟು ಇಳಿಯಿತು. ನಮ್ಮಂಥದೇ ಬಡ ದೇಶ ಎರಡು ವರ್ಷಗಳಲ್ಲಿ ಮಾಡಿ ತೋರಿಸಿದ ಕೆಲಸ ಇದು. ‘ಯಂತ್ರ ದುಬಾರಿ, ಹಣವಿಲ್ಲ’ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಅವರು ಮೊದಲು ಹಿಡಿದದ್ದು ಎಲ್ಲಿ ಎಂಬುದನ್ನು ಗಮನಿಸಿರಿ. ಓಣಿಯ ಅಂಗಡಿಯಲ್ಲಿ ಅಲ್ಲ, ಸಗಟು ಪೇಟೆಯಲ್ಲಿ, ಹೊಳಪು ಕೊಡುವ ಗಿರಣಿಯಲ್ಲಿ. ನಮ್ಮಲ್ಲಿ ಆಗುವುದೇನು? ಅಧಿಕಾರಿ ಬಂದರೆ ಮೊದಲು ನಿಲ್ಲುವುದು ಬಸ್‌ಸ್ಟ್ಯಾಂಡಿನ ಮಗ್ಗುಲಿನ ಚಿಕ್ಕ ಅಂಗಡಿಯ ಮುಂದೆ. ಪಾವು ಕಿಲೋ ಅರಿಶಿನ ಮಾರುವವನಿಗೆ ಅದು ಎಲ್ಲಿ ಬೆಳೆಯಿತು, ಯಾರು ತಿಕ್ಕಿದರು ಎಂಬುದು ಹೇಗೆ ಗೊತ್ತಾಗಬೇಕು? ಉದ್ರಿ ಕೊಟ್ಟು, ಬಡ್ಡಿ ಕಟ್ಟಿ, ಮಾಲು ತಂದು ಮಾರುವ ಚಿಕ್ಕ ವ್ಯಾಪಾರಿ ಈ ಸರಪಳಿಯ ಕಟ್ಟಕಡೆಯ ಕೊಂಡಿ. ಅವನ ಹೆಂಡಿರು ಮಕ್ಕಳೂ ಅದೇ ಚೀಲದ ಅರಿಶಿನವನ್ನೇ ತಿನ್ನುತ್ತಾರೆ. ಆದ್ದರಿಂದ ಗಿರಾಕಿ ಮತ್ತು ಅಂಗಡಿಕಾರ ಒಬ್ಬರಿಗೊಬ್ಬರು ವೈರಿಗಳೆಂದು ತಿಳಿಯುವುದು ದೊಡ್ಡ ತಪ್ಪು. ಈ ಜಗಳದಲ್ಲಿ ಇಬ್ಬರೂ ಒಂದೇ ಪಕ್ಷದವರು.

ಕಾಯ್ದೆ ಇಲ್ಲವೆ? ಇದೆ. 1954ರ ಕಲಬೆರಕೆ ತಡೆ ಕಾಯ್ದೆಯ ಜಾಗದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದು, 2011ರ ಆಗಸ್ಟಿನಿಂದ ಜಾರಿಯಲ್ಲಿದೆ. ಅದರೊಳಗಿನ ನಾಲ್ಕು ಮಾತುಗಳನ್ನು ಎಲ್ಲರೂ ನೆನಪಿನಲ್ಲಿ ಇಡಬೇಕು.

ಒಂದು: ಸಗಟು ವ್ಯಾಪಾರಿ ಮಾಲಿನ ಜೊತೆಗೆ ಬರಹದಲ್ಲಿ ಖಾತರಿ ಕೊಡಬೇಕು, ಅವನು ಕೊಟ್ಟ ಬಿಲ್ಲನ್ನೇ ಖಾತರಿ ಎಂದು ಕಾಯ್ದೆ ತಿಳಿಯುತ್ತದೆ. ಮಾಲು ಯಾರಿಂದ ಬಂತೆಂದು ತೋರಿಸಲಾಗದ ಅಂಗಡಿಕಾರನ ಮೇಲೆ ಹೊಣೆ ಬೀಳುತ್ತದೆ. ಆದ್ದರಿಂದ ನಾಲ್ಕು ದುಡ್ಡು ಉಳಿಯುತ್ತದೆಂದು ಬಿಲ್ಲಿಲ್ಲದೆ ಮಾಲು ತರುವುದೆಂದರೆ ಇನ್ನೊಬ್ಬನ ಪಾಪವನ್ನು ತನ್ನ ತಲೆಯ ಮೇಲೆ ಹೊರುವುದು.

ಎರಡು: ಅಧಿಕಾರಿ ಮಾದರಿ ತೆಗೆದಾಗ ಅದನ್ನು ನಾಲ್ಕು ಪಾಲು ಮಾಡುತ್ತಾನೆ. ಅಂಗಡಿಕಾರ ಕೇಳಿದರೆ ಒಂದು ಪಾಲನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಕೇಳದವನಿಗೆ ಈ ಹಕ್ಕಿಲ್ಲ. ಬಾಯಿ ಬಿಟ್ಟು ಕೇಳಿರಿ.

ಮೂರು: ವಿಶ್ಲೇಷಕನು 14 ದಿನಗಳೊಳಗೆ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಕೊಡಬಹುದು. ಮಾದರಿ ಮೈಸೂರಿನ ಆಹಾರ ಸಂಶೋಧನಾಲಯದಂಥ ಮೇಲಿನ ಪ್ರಯೋಗಾಲಯಕ್ಕೆ ಹೋಗಬಹುದು.

ನಾಲ್ಕು: ಗಿರಾಕಿಯೂ ತಾನು ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಕಾರನಿಗೆ ತಿಳಿಸಬೇಕು. ಪದಾರ್ಥ ಕೆಟ್ಟದ್ದೆಂದು ವರದಿ ಬಂದರೆ ಕಟ್ಟಿದ ಶುಲ್ಕ ಮರಳಿ ಬರುತ್ತದೆ.

ಕಾಯ್ದೆಯ ಪುಸ್ತಕದಲ್ಲಿ ಹಕ್ಕು ಇದೆ. ಆದರೆ ನಮ್ಮ ವಿಭಾಗದ ಆಹಾರ ಪ್ರಯೋಗಾಲಯ ಇರುವುದು ಬೆಳಗಾವಿಯಲ್ಲಿ. ಶಿರೂರಿನ ನೇಕಾರನೊಬ್ಬ ಒಂದು ಹಿಡಿ ಅರಿಶಿನವನ್ನು ಬೆಳಗಾವಿಗೆ ಒಯ್ಯಬೇಕಾದರೆ ಅವನ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು, ಮೇಲೆ ಶುಲ್ಕ. ಇಷ್ಟು ದೂರ ಇಟ್ಟ ಹಕ್ಕು ಹಕ್ಕಾಗುವುದು ಯಾರಿಗೆ?

ಪ್ರಯೋಗಾಲಯ ಗಟ್ಟಿಯಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2015ರಲ್ಲಿ ಇಡೀ ದೇಶ ಕಂಡಿದೆ. ಮ್ಯಾಗಿ ನೂಡಲ್ಸಿನಲ್ಲಿ ಸೀಸದ ಮಿತಿ ಹತ್ತು ಲಕ್ಷಕ್ಕೆ 2.5 ಪಾಲು ಇದ್ದರೆ, ಉತ್ತರಪ್ರದೇಶದ ಒಂದು ಮಾದರಿಯಲ್ಲಿ 17.2 ಸಿಕ್ಕಿತೆಂದು ಕೋಲ್ಕತ್ತಾದ ಪ್ರಯೋಗಾಲಯ ಹೇಳಿತು. ಜೂನ್ 5ರಂದು ದೇಶದ ಆಹಾರ ಪ್ರಾಧಿಕಾರ ಆ ಮಾಲನ್ನು ಪೇಟೆಯಿಂದ ಹಿಂತೆಗೆಯಲು ಆಜ್ಞೆ ಮಾಡಿತು. ಆಗಸ್ಟ್ 13ರಂದು ಮುಂಬಯಿ ಹೈಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು: ಕಂಪನಿಯ ಮಾತನ್ನು ಕೇಳಿಲ್ಲ, ಪರೀಕ್ಷಿಸಿದ ಪ್ರಯೋಗಾಲಯಗಳಿಗೆ ತಕ್ಕ ಮಾನ್ಯತೆ ಇಲ್ಲ. ಕೋರ್ಟು ಹೇಳಿದ ಮೂರು ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷೆಯಾಗಿ ಮಾಲು ಪಾಸಾಯಿತು; ನವೆಂಬರಿನಲ್ಲಿ ಪೇಟೆಗೆ ಮರಳಿತು. ಇಲ್ಲಿ ಕಂಪನಿಯ ಪರ-ವಿರೋಧದ ಮಾತು ಬೇಡ. ತಕ್ಕಡಿಯೇ ಸರಿಯಿಲ್ಲದಿದ್ದರೆ ತೂಕ ಯಾರಿಗೂ ನ್ಯಾಯ ಕೊಡದು, ತಿಂದವನಿಗೂ ಇಲ್ಲ, ಮಾರಿದವನಿಗೂ ಇಲ್ಲ. ದೊಡ್ಡ ಕಂಪನಿ ಹೈಕೋರ್ಟಿಗೆ ಹೋಗಿ ತಕ್ಕಡಿಯನ್ನು ಪ್ರಶ್ನಿಸಬಲ್ಲುದು. ಕಿರಾಣಿ ಅಂಗಡಿಯವನು ಎಲ್ಲಿಗೆ ಹೋಗಬೇಕು? ತಾಂಡಾದವನು ಎಲ್ಲಿಗೆ ಹೋಗಬೇಕು?

ಅಳೆದದ್ದನ್ನು ಬಹಿರಂಗ ಮಾಡಿದರೆ ಜನ ಗಾಬರಿಯಾಗುತ್ತಾರೆ, ವ್ಯಾಪಾರ ಕೆಡುತ್ತದೆ ಎಂದು ಅಧಿಕಾರಿಗಳು ಹೇಳುವುದುಂಟು. ನಿಜ ಸಂಗತಿ ಇದಕ್ಕೆ ತಿರುಗಾಮುರುಗಾ. ಅಳತೆ ಇಲ್ಲದ ಕಡೆ ಗಾಳಿಸುದ್ದಿಯೇ ಅಳತೆಯಾಗುತ್ತದೆ. ಅಂಥ ಗಾಳಿಸುದ್ದಿಗೆ ಮೊದಲು ಬಲಿಯಾಗುವವನು ಪ್ರಾಮಾಣಿಕ ವ್ಯಾಪಾರಿ. ಗೋಡೆಯ ಮೇಲೆ ಹಚ್ಚಿದ ವರದಿ ಒಳ್ಳೆಯ ಮಾಲಿಗೆ ಸಾಕ್ಷಿ, ಕೆಟ್ಟ ಮಾಲಿಗೆ ಬೇಲಿ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಜಿಲ್ಲಾ ಕೇಂದ್ರದಲ್ಲಿಯೇ ಸೀಸ, ಪಾಷಾಣ, ಪಾದರಸಗಳನ್ನು ಅಳೆಯಬಲ್ಲ, ಮಾನ್ಯತೆ ಪಡೆದ ಸರಕಾರಿ ಪ್ರಯೋಗಾಲಯ ಬೇಕು. ಕುಡಿಯುವ ನೀರಿನ ಪ್ರತಿಯೊಂದು ಕೊಳವೆಬಾವಿಯನ್ನೂ ಪರೀಕ್ಷಿಸಿ, ವರದಿಯನ್ನು ಕನ್ನಡದಲ್ಲಿ ಪಂಚಾಯತಿಯ ಗೋಡೆಗೆ ಹಚ್ಚಬೇಕು. ಮಾದರಿ ತೆಗೆಯುವ ಕೆಲಸ ಸಗಟು ಪೇಟೆಯಿಂದ, ಗಿರಣಿಯಿಂದ ಪ್ರಾರಂಭವಾಗಿ ಕೆಳಗೆ ಇಳಿಯಬೇಕು. ಶಾಲೆಯ ಬಿಸಿಯೂಟದ ಅಕ್ಕಿ, ಬೇಳೆ, ಅರಿಶಿನ, ನೀರು ಎಲ್ಲಕ್ಕಿಂತ ಮೊದಲು ಪರೀಕ್ಷೆಯಾಗಬೇಕು. ಸೀಸದ ಮೊದಲ ಪೆಟ್ಟು ಬೀಳುವುದು ಕೂಸುಗಳ ಮಿದುಳಿಗೆ. ಒಂದು ಬಾವಿ ಕೆಟ್ಟದ್ದೆಂದು ಗೊತ್ತಾದ ದಿನವೇ ಬೇರೆ ನೀರು ಬರಬೇಕು, ಸಮಿತಿಯ ವರದಿ ಬರುವವರೆಗೆ ಜನ ಅದೇ ನೀರು ಕುಡಿಯುವಂತಾಗಬಾರದು.

ಸರಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ನೀರನ್ನು ಪರೀಕ್ಷಿಸುವ ಪ್ರಯೋಗಾಲಯ ಜಿಲ್ಲಾ ಕೇಂದ್ರದಲ್ಲಿದೆ. ಕಡಿಮೆ ಶುಲ್ಕಕ್ಕೆ ಸಾರ್ವಜನಿಕರ ನೀರನ್ನು ಪರೀಕ್ಷಿಸಿ ಕೊಡಬೇಕೆಂದು 2021ರಲ್ಲಿಯೇ ಕೇಂದ್ರ ಸರಕಾರ ಹೇಳಿದೆ. ಒಬ್ಬೊಬ್ಬರೇ ಹೋದರೆ ಕೂಲಿ ಹೋದೀತು. ಓಣಿಗೆ ಒಂದು ಸೀಸೆಯಂತೆ ನೀರು ಕೂಡಿಸಿ, ನೇಕಾರರ ಸಂಘದವರು ಒಬ್ಬರು, ಕಿರಾಣಿ ವ್ಯಾಪಾರಸ್ಥರು ಒಬ್ಬರು ಕೂಡಿ ಒಂದೇ ಸಲ ಒಯ್ಯಲಿ. ಅರ್ಜಿಯಲ್ಲಿ ಫ್ಲೋರೈಡ್ ಮತ್ತು ಆರ್ಸೆನಿಕ್ ಎರಡರ ಹೆಸರನ್ನೂ ಬರೆಯಲಿ. ಹೆಸರು ಬರೆಯದಿದ್ದರೆ ಎರಡನೆಯದು ಬಿಟ್ಟುಹೋಗಬಹುದು. ವರದಿ ಬಂದ ಮೇಲೆ ಗುಡಿಯ ಕಟ್ಟೆಯ ಮೇಲೆ ಎಲ್ಲರ ಮುಂದೆ ಓದಲಿ.

ಆ ಅಜ್ಜಿಯ ಪ್ರಶ್ನೆಗೆ ಒಬ್ಬ ಮಾಸ್ತರ ಉತ್ತರ ಕೊಡಲಾರದೆ ಹೋದ. ಆದರೆ ಅವಳ ಮೊಮ್ಮಕ್ಕಳ ಹಲ್ಲು, ಚರ್ಮ, ಮಿದುಳು ಉತ್ತರ ಹೇಳುವವರೆಗೆ ಊರು ಕಾಯಬಾರದು. ಮೊದಲ ಸೀಸೆಯನ್ನು ಅವಳ ಓಣಿಯ ನೀರಿನಿಂದಲೇ ತುಂಬೋಣ.